ಬಾಯಿಪಾಠವಾಗಿದ್ದ ಮನೆ

ಮೊನ್ನೆ ನಮ್ಮ ಬ್ರಾಂಚಿನಲ್ಲಿ ಮತ್ತೆ ಸರ್ವರ್ ಕೈಕೊಟ್ಟಿತು. ಬಂದವರೆಲ್ಲ ಕೌಂಟರಿಗೇ ಬಂದು ಉಗಿಯುವುದು ಬೇಡ, ಬಾಗಿಲಲ್ಲೇ ಒಂದು ಬೋರ್ಡು ತೂಗುಹಾಕು ಅಂತ ಅಟೆಂಡರಿಗೆ ಹೇಳಿದೆ. ಅವನು ಹೋದ ವರ್ಷದ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು, ಬೆನ್ನು ಮೇಲೆ ಮಾಡಿ ನನ್ನ ಮೇಜಿನ ಮೇಲೇ ಹಾಸಿಕೊಂಡು, ದಪ್ಪ ಕರಿ ಮಾರ್ಕರಿನ ಮುಚ್ಚಳ ಕಿತ್ತ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕೆಲಸ ಮರೆತುಹೋಯಿತು. ನನಗೆ ಆ ವಾಸನೆ ಅಂದರೆ ವಿಶಾಖಪಟ್ಟಣದ ಒಂದು ಮನೆ. ನಮ್ಮ ಎದುರು ಬಾಗಿಲಿನ ಮನೆ, ಅಲ್ಲಿದ್ದ ಆ ತಾಯಿ...

ಆಗ ನನಗೆ ಪ್ರಮೋಷನ್ ಬಂದು, ಅದರ ಬಾಲ ಹಿಡಿದುಕೊಂಡೇ ವರ್ಗವೂ ಬಂದಿತ್ತು. ಗಂಡ, ಮಗ ತುಮಕೂರಿನಲ್ಲಿ. ನಾನೊಬ್ಬಳೇ ವಿಶಾಖಪಟ್ಟಣದ ದ್ವಾರಕಾ ನಗರದ ಬ್ರಾಂಚಿಗೆ. ಮನೆ ಸಾಮಾನು ಇಳಿಸುವ ದಿನ ಲಾರಿಯವರು ನನ್ನ ಗ್ರೈಂಡರನ್ನು ಮೆಟ್ಟಿಲ ಮೇಲೆ ಉರುಳಿಸಿಬಿಟ್ಟರು. ತೆಲುಗು ಒಂದಕ್ಷರ ಬಾರದಿದ್ದರೂ ಬೈಗುಳಕ್ಕೆ ಭಾಷೆ ಯಾಕೆ ಬೇಕು ಅಂತ ಕನ್ನಡದಲ್ಲೇ ಅವರ ಜನ್ಮ ಜಾಲಾಡುತ್ತಿದ್ದೆ. ಎದುರು ಬಾಗಿಲು ತೆರೆಯಿತು. ನನಗಿಂತ ಚಿಕ್ಕವಳೊಬ್ಬಳು, ಕೈಗೆಲ್ಲ ಕರೀ ಮಸಿ, ನಗುತ್ತಾ ನಿಂತಿದ್ದಳು.

"ಕನ್ನಡ ಮಂದಿ ಏನ್ರೀ? ಚಲೋ ಬೈತೀರಿ. ಬರ್ರಿ, ಚಾ ಕುಡೀರಿ."

ಧಾರವಾಡದವಳು. ಗಂಡನೂ ಬ್ಯಾಂಕಿನವನೇ, ಬೇರೆ ಬ್ಯಾಂಕು. ಇನ್‌ಸ್ಪೆಕ್ಷನ್ ಕೆಲಸವಾದ್ದರಿಂದ ತಿಂಗಳಲ್ಲಿ ಹದಿನೈದು ದಿನ ಶ್ರೀಕಾಕುಳಂ, ವಿಜಯನಗರಂ ಅಂತ ಊರೂರು ಸುತ್ತುತ್ತಿದ್ದ. ಮನೆಯಲ್ಲಿ ಇರುತ್ತಿದ್ದದ್ದು ಆಕೆ ಮತ್ತು ಮಗಳು. ಆಗ ಹುಡುಗಿಗೆ ಏಳು ವರ್ಷ. ಆಕೆ ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಯೇ ಇಲ್ಲ, ಯಾವಾಗಲೂ ಕೂಸು. ನನಗೂ ಕೂಸೇ ಆಯಿತು.

ಕೂಸು ದಿನ ತುಂಬದೆ ಹುಟ್ಟಿತ್ತು. ಬದುಕಿದ್ದೇ ಹೆಚ್ಚು ಅಂದಿದ್ದರಂತೆ. ನಡೆದದ್ದು ತಡ. ಅಂಗಿಯ ಗುಂಡಿ ಹಾಕಿಕೊಳ್ಳಲು ಏಳು ವರ್ಷವಾದರೂ ಬರುತ್ತಿರಲಿಲ್ಲ. ಚಮಚ ಹಿಡಿದರೆ ಅರ್ಧ ಅನ್ನ ಮಡಿಲಿಗೆ. ಮಿಕ್ಸಿ ತಿರುಗಿತೆಂದರೆ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗತೊಡಗುತ್ತಿತ್ತು, ಮಿಕ್ಸಿ ನಿಂತ ಮೇಲೂ ಎಷ್ಟೋ ಹೊತ್ತು. ಕಣ್ಣಿಗೆ ಬಾಟಲಿ ತಳದಂಥ ಕನ್ನಡಕ. ಹುಟ್ಟಿನಿಂದಲೇ ಕಣ್ಣು ಮಂದ, ಇದ್ದಷ್ಟು ದೃಷ್ಟಿಯನ್ನು ಕಾಪಾಡಿಕೊಳ್ಳಬೇಕು, ಇನ್ನೂ ಕಮ್ಮಿಯಾದರೆ ಕೂಡಲೇ ಗೊತ್ತಾಗಬೇಕು ಅಂತ ಡಾಕ್ಟರು ಹೇಳಿದ್ದರು. ಅಂದರೆ ಆ ಮನೆಯಲ್ಲಿ ಎಲ್ಲವೂ ನಿಂತಿದ್ದದ್ದು ಆ ಕಣ್ಣಿನ ಮೇಲೆ. ಕಣ್ಣು ಇರುವಷ್ಟರಲ್ಲಿ ಕೂಸಿಗೆ ಓದು ಬಂದುಬಿಡಬೇಕು, ಯಾರ ಹಂಗೂ ಇಲ್ಲದೆ ಒಂದು ಪುಸ್ತಕ ಹಿಡಿದು ಕೂರುವಂತಾಗಬೇಕು. ಆಕೆ ದೇವರ ಮುಂದೆ ನಿಂತಾಗಲೂ ಇನ್ನೇನನ್ನೂ ಕೇಳುತ್ತಿರಲಿಲ್ಲ.

ಶಾಲೆಗೆ ಸೇರಿಸಿ ನೋಡಿದ್ದರು. ಮೊದಲನೆಯವರು ಗಲಾಟೆಗೆ ಹೆದರಿ ಕಿರುಚುತ್ತಾಳೆ, ಬೇರೆ ಮಕ್ಕಳಿಗೆ ತೊಂದರೆ ಅಂದರು. ಎರಡನೆಯವರು ಇಂಥ ಮಕ್ಕಳ ಶಾಲೆ ಬೇರೆ ಇದೆಯಲ್ಲ ಅಂದರು. ಆ ಬೇರೆ ಶಾಲೆಯಲ್ಲಿ ಮಣಿ ಪೋಣಿಸಲು ಕೂರಿಸಿದರೆ, ಇದು ಮಣಿಯನ್ನು ಬಾಯಿಗೆ ಹಾಕಿಕೊಂಡು, ದಾರಕ್ಕೆ ಎರಡೇ ತುದಿ ಯಾಕೆ ಅಂತ ಟೀಚರನ್ನು ಕೇಳಿತಂತೆ. ಈ ಹುಡುಗಿ ನಮ್ಮಲ್ಲಿರುವಂಥದ್ದಲ್ಲ ಅಂತ ಅವರೂ ವಾಪಸು ಕಳಿಸಿದರು. ಅಲ್ಲಿಗೆ ಹೆಚ್ಚು, ಇಲ್ಲಿಗೆ ಕಮ್ಮಿ. ಎಲ್ಲಿಗೆ ಸರಿಯಾಗಬೇಕಿತ್ತೋ ಆ ಜಾಗವನ್ನು ಯಾರೂ ಕಟ್ಟಿರಲಿಲ್ಲ.

ಮದುವೆಗೆ ಮುಂಚೆ ಆಕೆ ಧಾರವಾಡದಲ್ಲಿ ಒಂದನೇ ಎರಡನೇ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅದನ್ನೇ ಮನೆಯಲ್ಲಿ ಶುರು ಮಾಡಿದಳು. ತೆಲುಗು ಕಲಿಸಿದರೆ ನಾಳೆ ಒಡಿಶಾಕ್ಕೋ ತಮಿಳುನಾಡಿಗೋ ಹಾಕಿದರೆ ಏನು ಗತಿ, ಕನ್ನಡವಾದರೆ ಎಲ್ಲಿಗೆ ಹೋದರೂ ನಮ್ಮ ಹಿಂದೇ ಬರುತ್ತದೆ ಅಂತ ಆಕೆಯ ವಾದ. ರಜೆಗೆ ಹೋದಾಗ ಊರಿಂದ ಕನ್ನಡ ಶಾಲೆಯ ಪುಸ್ತಕಗಳನ್ನು ಹೊತ್ತು ತರುತ್ತಿದ್ದಳು. ಆ ಅಕ್ಷರ ಕೂಸಿಗೆ ಕಾಣದಷ್ಟು ಸಣ್ಣದು. ಬ್ಯಾಂಕಿನವರ ಮನೆಯಲ್ಲಿ ಹಳೇ ಕ್ಯಾಲೆಂಡರಿಗೆ ಬರವೇ? ಹಾಳೆ ಹರಿದು ಅದರ ಬೆನ್ನ ಮೇಲೆ ಮಾರ್ಕರಿನಲ್ಲಿ ಅಂಗೈ ಅಗಲದ ಅಕ್ಷರ ಬರೆಯುತ್ತಿದ್ದಳು. ಒಂದು ಹಾಳೆಗೆ ಒಂದು ಸಾಲು, ಹೆಚ್ಚೆಂದರೆ ಎರಡು. ಇಡೀ ಪುಸ್ತಕವನ್ನು ಹೀಗೆ ಬರೆದು ನಡುಮನೆಯ ಗೋಡೆಗೆಲ್ಲ ಅಂಟಿಸಿದ್ದಳು. ನಮ್ಮ ಬ್ರಾಂಚಿನ ಹಳೇ ಕ್ಯಾಲೆಂಡರುಗಳೂ ಆ ಮನೆಗೇ ಹೋಗುತ್ತಿದ್ದವು. ಬಾಗಿಲು ತೆರೆದರೆ ಮೊದಲು ಎದುರಿಗೆ ಬರುತ್ತಿದ್ದದ್ದು ಆ ಮಸಿಯ ಘಾಟು, ಆಮೇಲೆ ಒಗ್ಗರಣೆಯದ್ದು.

ಪಾಠದ ಕ್ರಮ ನಮ್ಮ ಹಳೇ ಕನ್ನಡ ಶಾಲೆಗಳದ್ದೇ. ಟೀಚರು ಒಂದು ಸಲ ಗಟ್ಟಿಯಾಗಿ ಓದಬೇಕು, ಆಮೇಲೆ ಮಕ್ಕಳು ಓದಬೇಕು. ತಾಯಿ ಓದಿ ಹಾಳೆಯನ್ನು ಕೂಸಿನ ಕೈಗೆ ಕೊಡುತ್ತಿದ್ದಳು. ಕೂಸು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತಲೆಯನ್ನು ಈ ಕಡೆಯಿಂದ ಆ ಕಡೆಗೆ ನಿಧಾನ ಸರಿಸುತ್ತಾ, ಒಂದಕ್ಷರ ತಪ್ಪದೆ ಓದುತ್ತಿತ್ತು. ಕೆಳಗಿನ ವಾಚ್‌ಮನ್ನನ ಹೆಂಡತಿ ಕಸ ಒಯ್ಯಲು ಬಂದಾಗೆಲ್ಲ ಬಾಗಿಲಲ್ಲಿ ನಿಂತು ಕೇಳಿ, "ಪಾಪ ಭಲೇ ಚದುವುತುಂದಂಡಿ" ಅನ್ನುತ್ತಿದ್ದಳು. ಎಷ್ಟು ಚೆನ್ನಾಗಿ ಓದುತ್ತೆ ಮಗು ಅಂತ. ಆಗ ಆ ತಾಯಿಯ ಮುಖ ನೋಡಬೇಕಿತ್ತು.

ಭಾನುವಾರ ನನ್ನ ಪಾಳಿ. ಬೇರೆ ಬಾಯಿಯ ಕನ್ನಡವೂ ಕಿವಿಗೆ ಬೀಳಲಿ ಅಂತ ನನ್ನನ್ನು ಕರೆಯುತ್ತಿದ್ದಳು. ನಾನೋ ಸಿಡುಕಿ, ನನ್ನ ಮಗನಿಗೇ ನೆಟ್ಟಗೆ ಪಾಠ ಹೇಳಿಕೊಟ್ಟವಳಲ್ಲ. ಆದರೆ ಆ ಕೂಸಿನ ಹತ್ತಿರ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಹೋದ ವಾರ ಓದಿದ ಕತೆಯನ್ನು ನಾನು ಎಲ್ಲಿ ಕೆಮ್ಮಿದೆ ಅನ್ನುವುದೂ ಸೇರಿ ಒಪ್ಪಿಸುತ್ತಿತ್ತು. ಸಮುದ್ರದ ನೀರು ಉಪ್ಪಾದರೆ ಮೀನಿಗೆ ನೀರಡಿಕೆ ಆಗುವುದಿಲ್ಲವೇ ಅಂತ ಕೇಳಿತ್ತು ಒಮ್ಮೆ. ನನಗೆ ಗೊತ್ತಿಲ್ಲ ಕಣೇ ಅಂದರೆ, "ನಿಮಗ ಗೊತ್ತಿಲ್ಲ ಅಂದ್ರ ಬ್ಯಾಂಕಿನಾಗ ಏನ್ ಕಲಿಸ್ಯಾರ?" ಅಂದಿತು. ನಗದೆ ಏನು ಮಾಡುವುದು.

ಒಂದು ಸಲ ನಾವು ಮೂವರೂ ಸಿಂಹಾಚಲಂಗೆ ಹೋಗಿ ಬಂದೆವು. ಅಲ್ಲಿ ಸ್ವಾಮಿಯ ಮೈಯೆಲ್ಲ ವರ್ಷವಿಡೀ ಗಂಧದಿಂದ ಮುಚ್ಚಿರುತ್ತದೆ, ನಿಜರೂಪ ಕಾಣುವುದು ವರ್ಷಕ್ಕೊಂದೇ ದಿನ. ಇದನ್ನು ತಾಯಿ ವಿವರಿಸಿ ಹೇಳಿದ್ದನ್ನು ಕೂಸು ಬಸ್ಸಿನಲ್ಲಿ ಕಿವಿಗೊಟ್ಟು ಕೇಳಿಸಿಕೊಂಡಿತು. ಆಮೇಲೆ, "ಅಲ್ಲೆ ಯಾರಿಗೂ ದೇವರು ಕಾಣೂದಿಲ್ಲ. ಆದ್ರೂ ಎಲ್ಲಾರೂ ನೋಡಿದ್ವಿ ಅಂತಾರ" ಅಂದಿತು. ಬಸ್ಸಿನಲ್ಲಿದ್ದ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಈಗ ಆ ಮಾತು ನೆನಪಾದರೆ ನಗು ಬರುವುದಿಲ್ಲ.

ಆ ಮನೆಯಲ್ಲಿ ಕೂಸಿನ ಓಡಾಟ ನೋಡಿದವರು ಅದಕ್ಕೆ ಕಣ್ಣು ಮಂದ ಅಂತ ನಂಬುತ್ತಿರಲಿಲ್ಲ. ನಡೆಯುವಾಗ ಸ್ವಲ್ಪ ವಾಲುತ್ತಿತ್ತು ನಿಜ, ಆದರೆ ಬಾಗಿಲು, ಕುರ್ಚಿ, ಬಾಲ್ಕನಿಯ ಕಂಬಿ ಎಲ್ಲವೂ ಕೈಗೆ ಸರಿಯಾಗಿ ಸಿಗುತ್ತಿದ್ದವು. ಲಿಫ್ಟಿನಿಂದ ನಾನು ಹೊರಗೆ ಕಾಲಿಟ್ಟರೆ ಸಾಕು, ಒಳಗಿನಿಂದಲೇ "ಎದುರು ಮನಿ ಅತ್ತಿ ಬಂದ್ರು" ಅನ್ನುತ್ತಿತ್ತು.

ಕಣ್ಣಿನ ಪರೀಕ್ಷೆ ಮಾತ್ರ ಪ್ರತಿ ಸಲವೂ ಒಂದು ರಣರಂಗ. ಗಲ್ಲ ಊರಿ ಕೂರಿಸಿ ಬೆಳಕು ಬಿಡುವ ಯಂತ್ರ ಇರುತ್ತದಲ್ಲ, ಅದರ ಹತ್ತಿರ ಒಯ್ದರೆ ಕೂಸು ಗಾಬರಿಯಾಗಿ ಆಸ್ಪತ್ರೆಯೇ ಎದ್ದು ಬರುವ ಹಾಗೆ ಚೀರುತ್ತಿತ್ತು. ರೆಪ್ಪೆ ಬಿಡಿಸಿ ನೋಡಲು ಬಿಡುತ್ತಲೇ ಇರಲಿಲ್ಲ. ಉಳಿದದ್ದು ಗೋಡೆಯ ಮೇಲಿನ ಅಕ್ಷರದ ಚಾರ್ಟು, ಮಂದ ದೃಷ್ಟಿಯವರಿಗೆಂದೇ ಮಾಡಿದ ದೊಡ್ಡ ಇಂಗ್ಲಿಷ್ ಅಕ್ಷರಗಳದ್ದು; ಎಬಿಸಿಡಿಯನ್ನು ತಾಯಿ ಆಗಲೇ ಕಲಿಸಿದ್ದಳು. ನಾನು ಆ ಊರಿಗೆ ಹೋಗುವ ಮುಂಚೆ ಒಮ್ಮೆ ಕೂಸು ಚಾರ್ಟನ್ನು ತಪ್ಪಾಗಿ ಓದಿತ್ತಂತೆ. ಅರಿವಳಿಕೆ ಕೊಟ್ಟು ಒಳಗಿನ ನರ ನೋಡಲೇಬೇಕು ಅಂದಿದ್ದರಂತೆ ಡಾಕ್ಟರು. ಹುಟ್ಟಿದಾಗ ಅರಿವಳಿಕೆ ಕೊಟ್ಟು ಏನೋ ಮಾಡಲು ಹೋಗಿ ಮಗು ಉಸಿರು ನಿಲ್ಲಿಸಿತ್ತು. ಮತ್ತೆ ಅದೇ ಮಾತು ಕೇಳಿ ಆಕೆ ಆಟೋದಲ್ಲಿ ಮನೆವರೆಗೂ ಅತ್ತುಕೊಂಡೇ ಬಂದಳಂತೆ. ಆದರೆ ಮುಂದಿನ ಸಲ ಕೂಸು ಎಲ್ಲವನ್ನೂ ಸರಿಯಾಗಿ ಓದಿಬಿಟ್ಟಿತು. ಅದರ ಮುಂದಿನ ಸಲವೂ. ದೃಷ್ಟಿ ಇದ್ದ ಹಾಗೇ ಇದೆ, ಹಾಗಿದ್ದರೆ ಅರಿವಳಿಕೆಯ ಅಪಾಯ ಈಗಲೇ ಬೇಡ, ಕಾಯೋಣ ಅಂದರು ಡಾಕ್ಟರು.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಪರೀಕ್ಷೆಯ ಕೋಣೆಗೆ ಬಾಗಿಲಿರಲಿಲ್ಲ, ಒಂದು ಹಸಿರು ಪರದೆ ಅಷ್ಟೆ. ಹೊರಗಿನ ಬೆಂಚಿನಲ್ಲಿ ಕೂತ ನಮಗೆ ಒಳಗಿನವರು ಒಬ್ಬರಾದ ಮೇಲೊಬ್ಬರು ಅಕ್ಷರ ಹೇಳುವುದು ಕೇಳಿಸುತ್ತಿತ್ತು. ನಾನು ಬ್ರಾಂಚಿನ ಫೋನಿನಲ್ಲಿ ಮುಳುಗಿದ್ದೆ. ಕೂಸು ಕಣ್ಣು ಮುಚ್ಚಿಕೊಂಡು ಮೆಲ್ಲಗೆ ತೂಗುತ್ತಿತ್ತು. ನಿದ್ದೆ ಬಂದಿದೆ ಪಾಪ ಅಂದುಕೊಂಡೆ. ಒಳಗೆ ಹೋಗಿ ಕೊನೆಯ ಸಾಲಿನ ತನಕ ಹೇಳಿ ಬಂತು.

ಅಂಥ ದಿನ ಆ ಮನೆಯಲ್ಲಿ ಹಬ್ಬ. ರವೆಯ ಸಿಹಿ ಶಿರಾ ಮಾಡುತ್ತಿದ್ದಳು, ಮಿಕ್ಸಿ ಹಾಕುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಾಡುತ್ತಿದ್ದಳು. ಬೇರೆ ದಿನ ಆಕೆ ಹಾಡಿದ್ದನ್ನು ನಾನು ಕೇಳಿಲ್ಲ. ಒಲೆಯ ಮುಂದೆ ನಿಂತು, ತವರಿನಲ್ಲಿ ಬೀಸುವಾಗ ಕುಟ್ಟುವಾಗ ಹೇಳುತ್ತಿದ್ದ ಹಾಡುಗಳನ್ನು ಒಂದರ ಹಿಂದೊಂದು ಹಾಡುತ್ತಿದ್ದಳು. ಕೂಸು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಲ್ಲಾಡದೆ ಕೇಳುತ್ತಿತ್ತು. ಆಗ ಅದು ತೂಗುತ್ತಲೂ ಇರಲಿಲ್ಲ.

ಆಮೇಲೆ ಆಕೆಯ ಗಂಡನಿಗೆ ವಿಜಯವಾಡಕ್ಕೆ ವರ್ಗವಾಯಿತು. ಬ್ಯಾಂಕಿನವರಿಗೆ ಅದೇನು ಹೊಸದಲ್ಲ, ಆರ್ಡರ್ ಬಂದರೆ ಡಬ್ಬ ಕಟ್ಟುವುದೇ. ಆಕೆ ಗೋಡೆಯ ಹಾಳೆಗಳನ್ನು ಹರಿಯದ ಹಾಗೆ ಬಿಡಿಸಿ, ಸುರುಳಿ ಸುತ್ತಿ, ಪಾತ್ರೆಗಿಂತ ಜೋಪಾನವಾಗಿ ಲಾರಿಗೆ ಹಾಕಿಸಿದಳು. ಲಾರಿಯವರನ್ನು ನೀವೇ ಬೈಯ್ರಿ, ನಿಮ್ಮ ಬಾಯಿಗೇ ಹೆದರ್ತಾರ ಅಂತ ನನಗೆ ಹೇಳಿದಳು. ನಾನು ಮನಸಾರೆ ಬೈದೆ. ಕೂಸು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಿಡಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸಿ ಎತ್ತಿಕೊಂಡು ಹೋದ ಅದರಪ್ಪ. ಮನೆ ಬಿಡಲು ಬೇಜಾರು, ಮಕ್ಕಳಲ್ಲವೇ ಅಂದುಕೊಂಡೆವು ನಾವೆಲ್ಲ.

ಒಂದು ವಾರ ಬಿಟ್ಟು ಫೋನು ಬಂತು. ಕೂಸು ಗೋಡೆಗೆ ಹಾಯುತ್ತಿದೆಯಂತೆ. ವಿಶಾಖಪಟ್ಟಣದ ಮನೆಯಲ್ಲಿ ಬಾಲ್ಕನಿ ಎಲ್ಲಿತ್ತೋ ಅಲ್ಲಿಗೆ ನೆಟ್ಟಗೆ ನಡೆದು ಹೋಗುತ್ತದಂತೆ, ಇಲ್ಲಿ ಅಲ್ಲಿ ಗೋಡೆ. ಹಣೆಯೆಲ್ಲ ಬುಗುಟು. ಹೊಸ ಮನೆ, ಹೊಂದಿಕೊಳ್ಳಲು ದಿನ ಬೇಕು ಅಂತ ಆಕೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾನೂ ಹೌದು ಹೌದು ಅಂದೆ.

ಅದಾದ ಕೆಲವು ದಿನಕ್ಕೆ ಮತ್ತೆ ಫೋನು. ಈ ಸಲ ದನಿಯೇ ಬೇರೆ ಇತ್ತು. ಹೊಸದೊಂದು ಹಾಳೆ ಬರೆದಿದ್ದಳು. ಒಲೆಯ ಮೇಲೆ ಹಾಲಿಟ್ಟಿದ್ದರಿಂದ ತಾನು ಮೊದಲು ಓದದೆ ಹಾಗೇ ಕೂಸಿನ ಕೈಗೆ ಕೊಟ್ಟು ಓದು ಅಂದಳಂತೆ. ಕೂಸು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಆ ಕಡೆ ಈ ಕಡೆ ತಲೆ ಸರಿಸಿ, "ಇದು ಹೊಸಾದು, ವಾಸನಿ ಬರಾಕತ್ತದ. ಏನ್ ಬರದೀ, ನೀ ಮೊದಲ ಓದಿ ಹೇಳು" ಅಂದಿತಂತೆ. ಆಕೆ ಹಳೆಯ ಹಾಳೆಯೊಂದನ್ನು ಕೊಟ್ಟಳು. ಕೂಸು ಅಂಚನ್ನು ಬೆರಳಿನಿಂದ ಸವರಿ, ಹರಿದಿದ್ದ ಮೂಲೆಯನ್ನು ಹುಡುಕಿ, ಗಡಗಡ ಓದಿತು. ಆ ಹಾಳೆಯನ್ನು ಆಕೆ ತಲೆಕೆಳಗಾಗಿ ಕೊಟ್ಟಿದ್ದಳು.

ಅದು ಮೂಸುತ್ತಿತ್ತು. ನಾವೆಲ್ಲ ಓದುತ್ತಿದೆ ಅಂದುಕೊಂಡಿದ್ದೆವು. ಮನೆಯಿಡೀ ಅದಕ್ಕೆ ಬಾಯಿಪಾಠವಾಗಿತ್ತು, ಗೋಡೆ, ಬಾಗಿಲು, ಪುಸ್ತಕ, ಎಲ್ಲ. ವಿಜಯವಾಡದಲ್ಲಿ ಕೂಸಿನ ಕೈಕಾಲು ಹಿಡಿದು, ದೇವರ ಮೇಲೆ ಭಾರ ಹಾಕಿ ಅರಿವಳಿಕೆ ಕೊಟ್ಟು ನೋಡಿಸಿದರು. ಅರಿವಳಿಕೆಯಿಂದ ಏನೂ ಆಗಲಿಲ್ಲ, ಕೂಸು ಎದ್ದು ನೀರು ಕೇಳಿತು. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದರೋ ಅದು ಏನೂ ಆಗಿರಲಿಲ್ಲ. ಕಣ್ಣಿನೊಳಗೆ ಒತ್ತಡ ಏರಿ ಏರಿ ನರ ಒಣಗಿತ್ತು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ಕತ್ತಲೆ ತಿಳಿಯುವಷ್ಟು. "ಮುಂದೇ ತೀಸುಕುರಾವಾಲ್ಸಿಂದಮ್ಮಾ" ಅಂದರಂತೆ ಅಲ್ಲಿನ ಡಾಕ್ಟರಮ್ಮ. ಮೊದಲೇ ಕರೆದುಕೊಂಡು ಬರಬೇಕಿತ್ತು. ಮೊದಲೇ ಅಂದರೆ ಡ್ರಾಪ್ಸು, ಆಪರೇಷನ್ನು ಏನಾದರೂ ಮಾಡಬಹುದಿತ್ತಂತೆ. ಆಕೆ ಕರೆದುಕೊಂಡು ಹೋಗಿರಲಿಲ್ಲವೇ? ತಿಂಗಳು ತಪ್ಪದೆ ಹೋಗಿದ್ದಳು.

ಆ ಬೇಸಗೆಯಲ್ಲಿ ನನಗೆ ಗನ್ನವರಂ ಹತ್ತಿರ ಒಂದು ಟ್ರೈನಿಂಗ್ ಬಿತ್ತು. ಮುಗಿದ ದಿನ ಆಟೋ ಹಿಡಿದು ವಿಜಯವಾಡದ ಅವರ ಮನೆಗೆ ಹೋದೆ. ಕಾಲುವೆ ಪಕ್ಕದ ಬೀದಿ, ಮೈ ಸುಲಿಯುವ ಬಿಸಿಲು. ಬಾಗಿಲ ಹತ್ತಿರ ಕ್ಯಾಲೆಂಡರ್ ಹಾಳೆಗಳ ಸುರುಳಿಗಳನ್ನು ಹಗ್ಗ ಕಟ್ಟಿ ಇಟ್ಟಿದ್ದರು, ಗುಜರಿಯವನಿಗೆ. ಗೋಡೆಯೆಲ್ಲ ಬೋಳು. ಆಕೆ ಅರ್ಧಕ್ಕೆ ಇಳಿದಿದ್ದಳು. "ಬರ್ರಿ" ಅಂದಳು, ಅಷ್ಟೆ. ಕೂಸು ಮಾತ್ರ ನನ್ನ ಚಪ್ಪಲಿಯ ಸದ್ದಿಗೇ ಕುರ್ಚಿಯಿಂದ ಎದ್ದು ನಿಂತು, "ಎದುರು ಮನಿ ಅತ್ತಿ" ಅಂತ ಮುಖವರಳಿಸಿತು. ಕನ್ನಡಕ ತೆಗೆದುಬಿಟ್ಟಿದ್ದರು. ಅದು ಇಲ್ಲದ ಆ ಮುಖವನ್ನು ನಾನು ಮೊದಲ ಸಲ ನೋಡಿದ್ದು, ಎಷ್ಟು ಚಂದದ ಮುಖ...

ಆಕೆ ಅಡುಗೆಮನೆಯಲ್ಲಿ ಚಹಾ ಇಟ್ಟಿದ್ದಳು. ಕೂಸೇ ಶುರು ಮಾಡಿತು. "ಅತ್ತಿ, ಆ ದವಾಖಾನಿ ಚಾರ್ಟು ನನಗ ಇನ್ನೂ ಬರ್ತದ. ಹೇಳ್ಲಿ?" ನಾನು ಬೇಡ ಅನ್ನುವಷ್ಟರಲ್ಲಿ ಮೇಲಿನ ದೊಡ್ಡ ಅಕ್ಷರದಿಂದ ಹಿಡಿದು ಕೊನೆಯ ಸಾಲಿನ ತನಕ ಸಾಲುಸಾಲಾಗಿ ಹೇಳಿ ಮುಗಿಸಿತು. ಬೆಂಚಿನಲ್ಲಿ ಕೂತು ಕೇಳಿ ಕೇಳಿ ಕಲಿತದ್ದಂತೆ.

ಆಕೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಲ್ಲಿಯವರೆಗೆ ಕೇಳಿರಲಿಲ್ಲವೇನೋ, ಕೇಳಲು ಧೈರ್ಯ ಬಂದಿರಲಿಲ್ಲವೇನೋ. "ಯಾಕ ಹಂಗ ಮಾಡ್ದಿ ನನ್ನವ್ವಾ?" ಅಂದಳು.

ಕೂಸಿಗೆ ಅದೊಂದು ಪ್ರಶ್ನೆಯೇ ಅನ್ನಿಸಲಿಲ್ಲ. "ತಪ್ಪು ಹೇಳಿದ್ರ ನೀ ಅಳ್ತಿದ್ದಿ. ಸರಿ ಹೇಳಿದ ದಿನಾ ಹಾಡ್ತಿದ್ದಿ."

ಆಕೆ ಹೋಗಿ ಒಲೆ ಆರಿಸಿದಳು. ಅಲ್ಲೇ ನೆಲದ ಮೇಲೆ ಕೂತಳು. ಅಳಲಿಲ್ಲ. ನಾನು ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟರೆ ಕಲ್ಲಿನ ಹಾಗಿದ್ದಳು. ನಿಮ್ಮ ರೈಲು ಎಷ್ಟು ಗಂಟೆಗ್ರೀ ಅಂತ ಕೇಳಿದಳು. ಆ ದಿನ ಚಹಾ ಕುಡಿಯಲೇ ಇಲ್ಲ ಯಾರೂ.

ಆಕೆಯ ಪಾಠದಲ್ಲಿ ಕುಂದಿರಲಿಲ್ಲ. ಕೂಸಿನ ಬುದ್ಧಿಯಲ್ಲೂ ಕುಂದಿರಲಿಲ್ಲ. ಕೂಸು ದಡ್ಡಿಯಾಗಿದ್ದರೆ, ತಾಯಿ ಅಷ್ಟು ಶ್ರದ್ಧೆಯಿಂದ ಕಲಿಸದಿದ್ದರೆ, ಕಣ್ಣು ಹೋಗುತ್ತಿರುವುದು ಮೊದಲ ದಿನವೇ ಗೊತ್ತಾಗುತ್ತಿತ್ತು. ಇದನ್ನು ಯಾರ ಹತ್ತಿರ ಹೋಗಿ ಹೇಳಿಕೊಳ್ಳುವುದು? ನನಗೆ ದೇವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮುಂದಿನ ವರ್ಷ ಕೂಸನ್ನು ಕಣ್ಣು ಕಾಣದ ಮಕ್ಕಳ ಹಾಸ್ಟೆಲ್ ಶಾಲೆಗೆ ಸೇರಿಸಿದರು. ಅಲ್ಲಿ ಎಲ್ಲ ತೆಲುಗಿನಲ್ಲಿ, ಚುಕ್ಕಿ ಮುಟ್ಟಿ ಓದುವುದೂ ತೆಲುಗಿನದ್ದೇ. ಬೇಗ ಕಲಿಯಿತಂತೆ, ಕಲಿಯದೆ ಏನು. ಆ ಚುಕ್ಕಿಗಳು ತಾಯಿಗೆ ಬರುವುದಿಲ್ಲ. ಫೋನು ಮಾಡಿದರೆ ಕೂಸು ಈಗ ಅಮ್ಮಾ ಅನ್ನುತ್ತದೆ, ಅವ್ವಾ ಅನ್ನುವುದಿಲ್ಲ ಅಂತ ಒಮ್ಮೆ ಹೇಳಿದ್ದಳು. ಮನೆಯಲ್ಲಿ ಇಡೀ ದಿನ ಏನು ಮಾಡ್ತೀರಿ ಅಂತ ಕೇಳಿದ್ದಕ್ಕೆ, ಏನಿಲ್ಲ, ಕೂತಿರ್ತೀನಿ ಅಂದಳು. ನೀವು ಹಾಡುತ್ತಿದ್ದಿರಲ್ಲ ಅಂತ ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಕೊನೆಯ ಸಲ ಮಾತಾಡಿದ್ದು ನಾನು ತುಮಕೂರಿಗೆ ವಾಪಸು ವರ್ಗ ಸಿಕ್ಕಿದ ಸುದ್ದಿ ಹೇಳಲು. ಚಲೋ ಆತು ಅಂದಳು. ಆಮೇಲೆ ಹೇಳಿದಳು.

"ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ದನಿ ಕೇಳಿದ್ರ ಆ ಮನಿ ನೆನಪಾಗ್ತದ. ಇನ್ನ ಫೋನ್ ಮಾಡಬ್ಯಾಡ್ರಿ."

ನಾನು ಬೇಸರ ಮಾಡಿಕೊಂಡೆ. ಎಷ್ಟೋ ದಿನ ಒಳಗೊಳಗೇ ಕುದಿದೆ. ನಾನೇನು ಮಾಡಿದೆ ಅಂತ ಗಂಡನ ಮೇಲೆ ಹಾರಾಡಿದೆ. ಆದರೆ ಫೋನು ಮಾಡಲಿಲ್ಲ. ಹೋದ ಯುಗಾದಿಗೆ ತಡೆಯಲಾರದೆ ಮಾಡಿದಾಗ ಆ ನಂಬರಿನಲ್ಲಿ ಇನ್ಯಾರೋ ಗಂಡಸು ತೆಲುಗಿನಲ್ಲಿ ಎವರಂಡಿ, ಯಾರು ಅಂದ. ಅವರು ಈಗ ಯಾವ ಊರಿನಲ್ಲಿದ್ದಾರೋ ಗೊತ್ತಿಲ್ಲ. ಕೂಸಿಗೆ ಕಾಲೇಜಿನ ವಯಸ್ಸಾಗಿರಬೇಕು. ಕನ್ನಡ ಉಳಿದಿದೆಯೋ ಇಲ್ಲವೋ. ಆಕೆ ಮತ್ತೆ ಹಾಡಿದಳೋ ಇಲ್ಲವೋ... ಹಾಡಿರಲಾರಳು ಅಂತಲೇ ನನಗೆ ಅನ್ನಿಸುತ್ತದೆ.

"ಮೇಡಂ, ದೂರದಿಂದ ಕಾಣುತ್ತಾ ನೋಡಿ" ಅಂತ ಅಟೆಂಡರ್ ಹಾಳೆಯನ್ನು ಎತ್ತಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಚೆನ್ನಾಗಿಯೇ ಬರೆದಿದ್ದ, ಅಂಗೈ ಅಗಲದ ಅಕ್ಷರ.

"ನನ್ನನ್ನ ಕೇಳಬೇಡಪ್ಪ" ಅಂದೆ. "ಅದರಲ್ಲಿ ಏನು ಬರೆದಿದೆ ಅಂತ ಗೊತ್ತಿಲ್ಲದವರನ್ನ ಕೇಳು."

ಅವನು ನನ್ನನ್ನೊಂದು ಥರ ನೋಡಿ, ಹಾಳೆ ಹಿಡಿದುಕೊಂಡು ಹೊರಗೆ ಹೋದ.